ಕ್ಷೌರದ ಕುರ್ಚಿ ಮತ್ತು ನಮ್ಮ ಸಿನೆಮಾ

ಊಟ ಮುಗಿಸಿ ಮನೆಯಲ್ಲಿ ಕಾಲು ಚಾಚಿ ಕೂತು ನೋಡುವ ಸಿನೆಮಾಗಳಲ್ಲಿ ಕೂದಲು, ಕ್ಷೌರ, ಚೆಂದ ಇವುಗಳ ಸುತ್ತ ಹೆಣೆದ ಸಿನೆಮಾಗಳದ್ದೇ ಒಂದು ಬಗೆ ಉಂಟು. ಸ್ವಲ್ಪ ನಗು, ಸ್ವಲ್ಪ ಕಣ್ಣೀರು, ಕಡೆಗೊಂದು ಸಮಾಧಾನ. ಇವನ್ನು ಯಾರೂ ಜಾತಿಯ ಸಿನೆಮಾ ಅಂತ ಕರೆಯುವುದಿಲ್ಲ. ನನ್ನ ಪ್ರಶ್ನೆ ಹುಟ್ಟುವುದೇ ಇಲ್ಲಿ. ಈ ನೆಲದಲ್ಲಿ ಕೂದಲಿನ ಚರಿತ್ರೆ ಎಂದರೆ ಜಾತಿಯ ಚರಿತ್ರೆ. ಹಾಗಿರುವಾಗ ಜಾತಿಯನ್ನು ಹೊರಗಿಟ್ಟು ಕೂದಲಿನ ಕಥೆ ಹೇಳಲು ಸಾಧ್ಯವಾದದ್ದು ಹೇಗೆ?

ನಮ್ಮ ಮಂಗಳೂರಿನಿಂದಲೇ ಶುರು ಮಾಡೋಣ. ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ ‘ಒಂದು ಮೊಟ್ಟೆಯ ಕಥೆ’ 2017ರ ಜುಲೈಯಲ್ಲಿ ತೆರೆಗೆ ಬಂತು. ಇದೇ ಊರಿನ ಕನ್ನಡ ಉಪನ್ಯಾಸಕ ಜನಾರ್ದನನ ತಲೆ ಬೋಳು. ಅವನಿಗೆ ಹೆಣ್ಣು ಸಿಗುವುದಿಲ್ಲ. ತನ್ನ ಬೋಳುತಲೆಯನ್ನು ಜಗತ್ತು ಒಪ್ಪಬೇಕು ಎನ್ನುವ ಇವನೇ ದಪ್ಪ ಮೈಯ ಹುಡುಗಿಯನ್ನು ಒಪ್ಪಲು ಹಿಂಜರಿಯುತ್ತಾನೆ. ಚೆಂದದ ಯಜಮಾನಿಕೆಯಿಂದ ನೊಂದವನೂ ಇನ್ನೊಬ್ಬರನ್ನು ಅದೇ ಕೋಲಿನಿಂದ ಅಳೆಯುತ್ತಾನೆ ಎಂಬುದನ್ನು ಸಿನೆಮಾ ಪ್ರಾಮಾಣಿಕವಾಗಿ ತೋರಿಸಿದೆ. ನಮ್ಮ ಕಡೆಯ ಮಾತು ಬರೀ ತಮಾಷೆಗಲ್ಲ, ಒಬ್ಬ ಮನುಷ್ಯನ ನೋವಿಗೂ ಒದಗುತ್ತದೆ ಎಂದು ಕಾಣಿಸಿದ್ದೂ ಇದರ ಹೆಚ್ಚುಗಾರಿಕೆ. 2019ರಲ್ಲಿ ಇದು ಮಲಯಾಳದಲ್ಲಿ ‘ತಮಾಶ’, ಹಿಂದಿಯಲ್ಲಿ ‘ಉಜ್ಡಾ ಚಮನ್’ ಆಯಿತು. ಅದೇ ವರ್ಷ ಬೋಳುತಲೆಯದೇ ಇನ್ನೊಂದು ಹಿಂದಿ ಸಿನೆಮಾ ‘ಬಾಲಾ’ ಬಂತು. ಕಪ್ಪು ಹುಡುಗಿಯ ಅವಮಾನವನ್ನು ಹೇಳಲು ಅದು ಬೆಳ್ಳಗಿನ ನಟಿಯ ಮುಖಕ್ಕೆ ಕಪ್ಪು ಬಳಿಯಿತು!

ಈ ಸಿನೆಮಾಗಳಲ್ಲಿ ತಲೆಯ ಕೂದಲು ಒಬ್ಬೊಬ್ಬನ ಖಾಸಗಿ ದುಃಖ. ಕನ್ನಡಿಯ ಮುಂದೆ ನಿಂತವನಿಗೆ ತಾನು ಚೆಂದವೋ ಅಲ್ಲವೋ ಎಂಬುದೇ ಚಿಂತೆ. ಆದರೆ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂರಲು ಯಾರಿಗೆ ಬಿಟ್ಟಿದ್ದರು? ಚೆಂದದ ಪ್ರಶ್ನೆಗಿಂತ ಮೊದಲು ಈ ಕುರ್ಚಿಯ ಪ್ರಶ್ನೆ ಬರುತ್ತದೆ.

ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ ಇದು ಗೊತ್ತು. ಸಾತಾರೆಯಲ್ಲಿ ಕ್ಷೌರಿಕರು ಇದ್ದರು, ಮನೆಯಲ್ಲಿ ಕೊಡಲು ದುಡ್ಡೂ ಇತ್ತು. ಆದರೂ ತಮ್ಮಂದಿರ ತಲೆಗೆ ಕತ್ತರಿ ಹಾಕಬೇಕಾದವಳು ಅಕ್ಕನೇ. ಆ ಹುಡುಗ ಬೆಳೆದು ಸಂವಿಧಾನ ಸಭೆಯಲ್ಲಿ ಕೂತ. 1948ರ ನವೆಂಬರಿನಲ್ಲಿ, ಈಗಿನ 15ನೇ ವಿಧಿಯ ಚರ್ಚೆಯಲ್ಲಿ, ‘ಅಂಗಡಿ’ ಎಂದರೇನು ಎಂಬ ಪ್ರಶ್ನೆ ಎದ್ದಿತು. ಅಂಬೇಡ್ಕರ್ ಆ ಶಬ್ದಕ್ಕೆ ಅತಿ ವಿಶಾಲವಾದ ಅರ್ಥ ಕೊಟ್ಟರು. ಬಂದವರಿಗೆ ಸೇವೆ ಕೊಡಲು ಒಬ್ಬ ಕೂತಿದ್ದರೆ ಆ ಜಾಗವೂ ಅಂಗಡಿಯೇ. ಕ್ಷೌರದ ಕುರ್ಚಿಯೂ ಅದರೊಳಗೆ ಬಂತು. 1955ರಲ್ಲಿ ಬಂದು 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು ಬದಲಿಸಿಕೊಂಡ ಕಾನೂನು, ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದನ್ನು ಅಪರಾಧವಾಗಿಸಿತು. ಒಬ್ಬ ಮನುಷ್ಯ ಕ್ಷೌರಕ್ಕೆ ಕೂರಲು ಒಂದು ದೇಶ ಕಾನೂನು ಮಾಡಬೇಕಾಯಿತು ಎಂಬುದನ್ನು ಗಮನಿಸಬೇಕು.

ನನ್ನ ಅಜ್ಜನ ಕಾಲಕ್ಕೆ ನಮ್ಮವರ ಕೂದಲು ಕತ್ತರಿಸುತ್ತಿದ್ದದ್ದು ನಮ್ಮವರೇ. ಅಂಗಳದಲ್ಲಿ, ಹಲಸಿನ ಮರದ ಅಡಿಯಲ್ಲಿ. ಹಾಗಂತ ತಪ್ಪನ್ನೆಲ್ಲ ಕ್ಷೌರಿಕನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭದ ದಾರಿ. ಅವನೂ ಸಿರಿವಂತರ ಮನೆಯ ಹಿಂಬಾಗಿಲಲ್ಲಿ ನಿಂತವನೇ. ದಲಿತನ ತಲೆ ಮುಟ್ಟಿದ ಕೈ ನಮ್ಮ ತಲೆ ಮುಟ್ಟಬಾರದು ಎಂದು ಭೂಮಾಲಿಕರು ಹೇಳಿದರೆ ಅವನ ವರ್ಷದ ಅಕ್ಕಿಯೇ ಹೋಯಿತು. ಅಮೆರಿಕದ ಚರಿತ್ರೆಯಲ್ಲೂ ಇಂಥದ್ದೇ ಉಂಟು. ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯರಿಗಾಗಿ ಅಂಗಡಿ ಇಟ್ಟ ಅನೇಕ ಕರಿಯ ಕ್ಷೌರಿಕರು ಅದೇ ಕುರ್ಚಿಯಲ್ಲಿ ಕರಿಯರನ್ನು ಕೂರಿಸುವಂತಿರಲಿಲ್ಲ. ತಮ್ಮವರಿಗೇ ತಮ್ಮ ಅಂಗಡಿ ಎನ್ನುವುದು ಆಮೇಲೆ ಬೆಳೆದದ್ದು. ಅಂಥ ಅಂಗಡಿಯ ಹರಟೆಯನ್ನೇ 2002ರ ‘ಬಾರ್ಬರ್‌ಶಾಪ್’ ಸಿನೆಮಾ ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ ಚಿತ್ರಿಸಿತು. ಅದು ನಗಿಸುತ್ತದೆ, ಆದರೆ ಆ ಕುರ್ಚಿ ಯಾರದು ಎಂಬುದನ್ನು ಮರೆಯುವುದಿಲ್ಲ.

ನಮ್ಮ ಕರಾವಳಿಯ ಕಥೆ ಇನ್ನೂ ಕಠೋರ. ಇಲ್ಲಿ ಕತ್ತರಿಸಿದ ಕೂದಲಿಗೂ ಒಂದು ಜಾತಿ ಪಯಣವಿತ್ತು. ಅನಿಷ್ಟ ಕಳೆಯಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಅದಕ್ಕೆ ‘ಅಜಲು’ ಎಂಬ ಹೆಸರು, ಸಂಪ್ರದಾಯ ಎಂಬ ಗೌರವ ಬೇರೆ. ಇದನ್ನು ನಿಷೇಧಿಸುವ ಕರ್ನಾಟಕದ ಕಾನೂನು ಬಂದದ್ದು 2000ದಲ್ಲಿ. ಕೂದಲು, ಉಗುರು ಬೆರೆಸಿ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದು, ಇವೆಲ್ಲ ಆ ಕಾನೂನಿನ ವಾಕ್ಯಗಳಲ್ಲೇ ಇವೆ. ಇಂಥ ವಾಕ್ಯ ಬರೆಯಬೇಕಾದ ನಾಡಿನಲ್ಲಿ ಕೂದಲು ಬರೀ ಸೌಂದರ್ಯದ ವಿಷಯ ಆಗುವುದು ಎಲ್ಲಿಂದ ಮಾರಾಯ್ರೇ?

ಇನ್ನು ಕ್ಷೌರಿಕನೇ ನಾಯಕನಾದ ಸಿನೆಮಾಗಳು. 2007ರ ಮಲಯಾಳದ ‘ಕಥ ಪರಯುಂಬೋಳ್’ನಲ್ಲಿ ಬಡ ಕ್ಷೌರಿಕ ಬಾಲನ್, ಅವನ ಬಾಲ್ಯದ ಗೆಳೆಯ ದೊಡ್ಡ ನಟ. ಹಳೆಯ ಕೃಷ್ಣ ಸುದಾಮರ ಕಥೆ ಇಲ್ಲಿ ಸೆಲೂನಿಗೆ ಬಂತು. ಬಡತನ ಕಾಣುತ್ತದೆ, ಬಡತನದ ಬೇರು ಕಾಣುವುದಿಲ್ಲ. ದೊಡ್ಡವನೊಬ್ಬ ವೇದಿಕೆಯಲ್ಲಿ ನೆನೆದು ಅತ್ತರೆ ಸಾಕು, ನಮ್ಮ ಎದೆ ಹಗುರ! ಇದೇ ಕಥೆ 2009ರಲ್ಲಿ ಹಿಂದಿಗೆ ‘ಬಿಲ್ಲು ಬಾರ್ಬರ್’ ಆಗಿ ಬರಲು ಹೊರಟಾಗ ಸೆಲೂನಿನವರ ಸಂಘ ಪ್ರತಿಭಟಿಸಿತು. ‘ಬಾರ್ಬರ್’ ಶಬ್ದ ಕೈಬಿಟ್ಟು ಅದು ಬರೀ ‘ಬಿಲ್ಲು’ ಆಯಿತು. ಒಂದು ಕಸುಬಿನ ಹೆಸರಿಗೇ ಇಷ್ಟು ಗಲಾಟೆಯಾ ಅಂತ ಕೇಳುವವರು, ಕನ್ನಡದ ಬೈಗುಳಗಳಲ್ಲಿ ‘ಹಜಾಮ’ ಎಂಬುದು ಹೇಗೆ ಸೇರಿತು ಎಂಬುದನ್ನೂ ಕೇಳಿಕೊಳ್ಳಲಿ. ವಕೀಲ, ವೈದ್ಯ ಎಂಬವು ಬೈಗುಳ ಆಗಲಿಲ್ಲವಲ್ಲ!

ಈ ಮೌನವನ್ನು ಒಡೆದದ್ದು ಮಡೋನ್ ಅಶ್ವಿನ್ ನಿರ್ದೇಶನದ ತಮಿಳಿನ ‘ಮಂಡೇಲಾ’. 2021ರ ಏಪ್ರಿಲಿನಲ್ಲಿ ಅದು ಬಂದದ್ದೇ ಟಿ.ವಿ.ಯಲ್ಲಿ, ಅಂದರೆ ನೇರ ನಮ್ಮ ಮನೆಗೆ. ಊರಿನ ಕ್ಷೌರಿಕನಿಗೆ ಹೆಸರೇ ಇಲ್ಲ. ಮರದ ಅಡಿಯೇ ಅವನ ಮನೆ, ಅದೇ ಅವನ ಅಂಗಡಿ. ಕ್ಷೌರದ ಜೊತೆಗೆ ಊರಿನವರ ಬಿಟ್ಟಿ ಚಾಕರಿ ಬೇರೆ. ಅಂಚೆ ಕಚೇರಿಯಲ್ಲಿ ಖಾತೆ ತೆರೆಯಲು ಹೋದಾಗ ಅವನಿಗೊಂದು ಹೆಸರು, ಗುರುತಿನ ಚೀಟಿ, ಒಂದು ಓಟು ಸಿಗುತ್ತದೆ. ಎರಡು ಪಂಗಡ ಸಮವಾಗಿ ನಿಂತಾಗ ಗೆಲುವು ಅವನ ಆ ಒಂದು ಓಟಿಗೆ ಜೋತುಬೀಳುತ್ತದೆ. ನಗಿಸುತ್ತಲೇ ಅದು ಹೇಳುವುದು ಇಷ್ಟೇ: ಇವನ ಸಮಸ್ಯೆ ಚೆಂದದ್ದಲ್ಲ, ಪೌರತ್ವದ್ದು. ಹಾಯಾಗಿ ಕೂತು ನೋಡುವುದಕ್ಕೂ ರಾಜಕೀಯ ಪ್ರಜ್ಞೆಗೂ ವೈರ ಏನಿಲ್ಲ ಎಂಬುದಕ್ಕೆ ಈ ಸಿನೆಮಾ ಸಾಕ್ಷಿ.

ಕನ್ನಡದ ಹೊಸ ಅಲೆಯ ಸಿನೆಮಾ ಕೂದಲನ್ನು ಕಂಡದ್ದು ಮಡಿ ಮನೆಯೊಳಗಿನಿಂದ. 1977ರ ‘ಘಟಶ್ರಾದ್ಧ’, 1983ರ ‘ಫಣಿಯಮ್ಮ’ ಎರಡರಲ್ಲೂ ತಲೆ ಬೋಳಿಸಿಕೊಂಡ ಬ್ರಾಹ್ಮಣ ವಿಧವೆಯ ದುಃಖವಿದೆ. ಆ ದುಃಖ ಸುಳ್ಳಲ್ಲ, ಅದನ್ನು ಕಾಣಿಸಿದ್ದು ದೊಡ್ಡ ಕೆಲಸವೇ. ಆದರೆ ಅದೇ ತಲೆಯ ಮೇಲೆ ಕತ್ತಿ ಆಡಿಸಬೇಕಾದ ಶೂದ್ರನ ಕೈಗೂ ಒಂದು ಚರಿತ್ರೆ ಉಂಟು. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿರ್ಣಯಿಸಿದರು. ಫುಲೆಯವರ ಸತ್ಯಶೋಧಕ ಬಳಗದ ನಾರಾಯಣ ಮೇಘಾಜಿ ಲೋಖಂಡೆ ಅವರ ಜೊತೆಗಿದ್ದರು. ದಲಿತನಿಗೆ ಸೇವೆ ನಿರಾಕರಿಸಲು ಮೇಲಿನವರು ಹೇಳಿಕೊಟ್ಟ ಕೈಯೇ ಇಲ್ಲಿ ಮೇಲಿನವರ ಕ್ರೌರ್ಯಕ್ಕೆ ಸೇವೆ ನಿರಾಕರಿಸಿತು.

ದಲಿತ ವಿಮರ್ಶೆ ಎಂದರೆ ದಲಿತರು ಬರೆದ ಪುಸ್ತಕಗಳ ವಿಮರ್ಶೆ ಮಾತ್ರ ಅಂತ ನಾವು ತಿಳಿಯಬಾರದು. ಮನೆಯ ಟಿ.ವಿ.ಯ ಎದುರು ನಾವು ಮೈಮರೆಯುವ ಹೊತ್ತಿನ ಲೆಕ್ಕವನ್ನೂ ಅದು ಕೇಳಬೇಕು. ಮಂಗಳೂರಿನ ಹುಡುಗರು ಇವತ್ತು ಕ್ಯಾಮೆರಾ ಹಿಡಿದು ಒಳ್ಳೆಯ ಸಿನೆಮಾ ಮಾಡುತ್ತಿದ್ದಾರೆ. ಬೋಳುತಲೆಯ ದುಃಖವನ್ನು ಅಷ್ಟು ಚೆನ್ನಾಗಿ ಹೇಳಿದ ಊರಿಗೆ ಅಂಗಳದಲ್ಲಿ ತಮ್ಮನ ಕೂದಲು ಕತ್ತರಿಸಿದ ಅಕ್ಕನ ಕಥೆ, ಕೊರಗರ ತಟ್ಟೆಗೆ ಬಿದ್ದ ಕೂದಲಿನ ಕಥೆ ಹೇಳುವ ಶಕ್ತಿಯೂ ಉಂಟು. ಅದನ್ನು ಬರೆಯಬೇಕಾದವರು ನಮ್ಮ ನಡುವೆಯೇ, ಈ ಪುಟ ಓದುವವರಲ್ಲೇ ಇದ್ದಾರೆ.