ಮಳೆಗಾಗಿ ಉಳಿಸಿದ ಕಾಡು

ಕೆರಿಬಿಯನ್ ಸಮುದ್ರದ ಟೊಬೇಗೊ ದ್ವೀಪದಲ್ಲಿ, ಕಬ್ಬಿನ ತೋಟಗಳ ಲಾಭಕ್ಕಾಗಿ ಅರಣ್ಯವು ಕೊಡಲಿಗೆ ಈಡಾಗುತ್ತಿದ್ದ ಕಾಲದಲ್ಲಿ, ವೃಕ್ಷಗಳಿಗೂ ವೃಷ್ಟಿಗೂ ಅವಿನಾಭಾವ ಸಂಬಂಧವುಂಟೆಂಬುದನ್ನು ವಿಜ್ಞಾನಿ ಸ್ಟೀಫನ್ ಹೇಲ್ಸನ ವಿಚಾರಗಳಿಂದ ಮನಗಂಡ ಸೋಮ್ ಜೆನಿನ್ಸನೆಂಬ ಬ್ರಿಟಿಷ್ ಸಂಸತ್ಸದಸ್ಯನು ಬಹುಕಾಲ ವಾದಿಸಿದುದರ ಫಲವಾಗಿ, 1776ರಲ್ಲಿ ನಡುಬೆಟ್ಟಸಾಲಿನ ಕಾಡು ಶಾಸನರಕ್ಷಿತವಾಯಿತು. ಶಾಸನಕರ್ತರ ದೃಷ್ಟಿ ಮಳೆಯ ಮೇಲಿದ್ದಿತೇ ಹೊರತು ಪಕ್ಷಿಗಳ ಮೇಲಲ್ಲ; ಆ ಮಳೆಯೂ ಗುಲಾಮರ ಬೆವರಿನಿಂದ ಬೆಳೆಯುತ್ತಿದ್ದ ಕಬ್ಬಿಗಾಗಿ ಎಂಬುದನ್ನು ನಾವು ಮರೆಯಲಾಗದು. ಆದರೂ ಆ ಆಶ್ರಯದಲ್ಲಿ ಖಗಕುಲವು ಬಾಳಿತು. 1963ರಲ್ಲಿ ಫ್ಲೋರಾ ಚಂಡಮಾರುತವು ಆ ಕಾಡಿನ ಬಹುಭಾಗವನ್ನು ಧ್ವಂಸಗೊಳಿಸಿದಾಗ, ಸೇಬರ್‌ವಿಂಗ್ ಎಂಬ ಬಿಳಿಯ ಬಾಲದ ಹಮ್ಮಿಂಗ್‌ಬರ್ಡ್ ದ್ವೀಪದಿಂದ ಅಳಿದೇ ಹೋಯಿತೆಂದು ಪಕ್ಷಿವೀಕ್ಷಕರು ಭಾವಿಸಿದರು. ಸುದೈವದಿಂದ, 1974ರಲ್ಲಿ ಅದು ಮರಳಿ ಕಣ್ಣಿಗೆ ಬಿದ್ದಿತು. ಉರುಳಿದ ಕಾಡು ತಾನಾಗಿಯೇ ಚಿಗುರಲು ಎಡೆ ದೊರೆತುದು, ಆ ನೆಲವನ್ನು ಕಡಿದು ಉಳಲು ಶಾಸನವು ಅವಕಾಶವೀಯದಿದ್ದುದರಿಂದಲೇ ಎಂದು ನನ್ನ ದೃಢವಾದ ನಂಬಿಕೆ.