ಧ್ವನಿಮುದ್ರಿಕೆಗಳ ಸಂಕಲನ ಇತಿಹಾಸದ ಆಕರವಾಗಿ: ಅಮೀರ್‌ಬಾಯಿ ಕರ್ನಾಟಕಿಯವರ ಹಾಡುಗಳನ್ನು ಕುರಿತು

ಸೊರಬ ತಾಲ್ಲೂಕಿನ ಕ್ಯಾಸನೂರನ್ನು ಹೊರಜಗತ್ತು ಬಲ್ಲುದು ಒಂದು ವ್ಯಾಧಿಯ ಹೆಸರಿನಿಂದ. 1957ರಲ್ಲಿ ಅಲ್ಲಿಯ ಕಾಡಿನ ಮಂಗಗಳು ಸತ್ತುಬಿದ್ದು, ಜ್ವರಕ್ಕೆ ಕಾರಣವಾದ ವೈರಾಣು ಪತ್ತೆಯಾದ ಮೇಲೆ ಆ ಊರಿನ ಹೆಸರು ವೈದ್ಯಗ್ರಂಥಗಳನ್ನು ಸೇರಿತು. ಇತಿಹಾಸದ ವಿದ್ಯಾರ್ಥಿಗಾದರೋ ಅದು ವೀರಗಲ್ಲು, ಮಾಸ್ತಿಕಲ್ಲುಗಳ ಸೀಮೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ ಎಂಟನೆಯದರಲ್ಲಿ (1904) ಸೊರಬದ ಶಾಸನಗಳನ್ನೂ ಕೂಡಿಸಿ ಅಚ್ಚು ಹಾಕಿಸಿದರು. ವಿದ್ಯಾರ್ಥಿಗಳೊಡನೆ ಆ ಕಲ್ಲುಗಳನ್ನು ನೋಡಲು ಹೋಗಿದ್ದಾಗ ಮಳೆ ಹಿಡಿದು, ಕ್ಯಾಸನೂರಿನ ಗೃಹಸ್ಥರೊಬ್ಬರ ಮನೆಯಲ್ಲಿ ಒಂದು ಸಂಜೆ ಕಳೆಯಬೇಕಾಯಿತು. ಆ ಹಿರಿಯರು ಕಾಲಕ್ಷೇಪಕ್ಕೆಂದು ನಮಗೆ ಕೇಳಿಸಿದ ಹಾಡುಗಳೇ ಪ್ರಸ್ತುತ ಲೇಖನಕ್ಕೆ ನಿಮಿತ್ತ.

ಹಾಡಿದವರು ‘ಕನ್ನಡ ಕೋಗಿಲೆ’ ಎಂದು ಖ್ಯಾತರಾಗಿದ್ದ ಅಮೀರ್‌ಬಾಯಿ ಕರ್ನಾಟಕಿ. ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಯಾರೋ ಆಯ್ದು ಒಟ್ಟುಗೂಡಿಸಿದ ಇಪ್ಪತ್ತು ಹಾಡುಗಳು. ಆಕೆಯ ಗಾಯನಜೀವನದ ಆದ್ಯಂತವನ್ನು ಇದರಲ್ಲಿ ಕೇಳಬಹುದೆಂದು ತಲೆಬರಹ. ಮೊದಲನೆಯ ಹಾಡು 1943ರದು, ಕಡೆಯದು 1950ರದು. ಬೀಳಗಿಯಲ್ಲಿ ಹುಟ್ಟಿ, 1934ರ ‘ವಿಷ್ಣುಭಕ್ತಿ’ ಚಿತ್ರದಿಂದ ಬೆಳ್ಳಿತೆರೆಗೆ ಬಂದು, 1965ರಲ್ಲಿ ಕಾಲವಾದ ಕಲಾವಿದೆಯ ಆದಿ ಅಂತ್ಯಗಳು ಏಳೇ ವರ್ಷಗಳಲ್ಲಿ ಅಡಗಿಹೋಗಿದ್ದುವು. ಈ ಏಳು ವರ್ಷಗಳನ್ನು ಆರಿಸಿದವರಾರು, ಯಾವ ನ್ಯಾಯದಿಂದ ಆರಿಸಿದರು, ಉಳಿದುದು ಎಲ್ಲಿ ಹೋಯಿತು ಎಂಬುದನ್ನು ವಿಚಾರಿಸುವುದು ಇತಿಹಾಸಕಾರನ ಕೆಲಸವೇ ಸರಿ.

ಇಂಥ ಸಂಕಲನಗಳು ಈಗ ಹೇರಳವಾಗಿ ಹುಟ್ಟುವುದಕ್ಕೆ ಕಾನೂನಿನ ಒಂದು ಕಾರಣವೂ ಉಂಟು. 1957ರ ಭಾರತೀಯ ಕೃತಿಸ್ವಾಮ್ಯ ಶಾಸನದ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟಣೆಯಿಂದ 60 ವರ್ಷ ಮಾತ್ರ ಉಳಿಯುತ್ತದೆ. 1943ರ ತಟ್ಟೆಯ ಮೇಲಿನ ಆ ಹಕ್ಕು 2003ರ ಕೊನೆಗೆ ತೀರಿತು. ಹಳೆಯ ಧ್ವನಿ ಹೀಗೆ ಸಾರ್ವಜನಿಕರ ಸ್ವತ್ತಾದುದು ಸಂತೋಷದ ಸಂಗತಿ. ಆದರೆ ಸ್ವತ್ತಿಗೆ ಪಹಣಿ ಬರೆಯುವವರು ಬೇಕಷ್ಟೆ.

ಮೊದಲು ಆ ಏಳು ವರ್ಷಗಳ ವೈಭವವನ್ನು ನೋಡೋಣ. 1943ರಲ್ಲಿ ಬಾಂಬೆ ಟಾಕೀಸಿನವರ ‘ಕಿಸ್ಮತ್’ ತೆರೆಕಂಡಿತು. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ನಾಯಿಕೆ ಮುಮ್ತಾಜ್ ಶಾಂತಿಗೆ ಕಂಠ ಕೊಟ್ಟವರು ಅಮೀರ್‌ಬಾಯಿ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಆ ಚಿತ್ರ ಮೂರು ವರ್ಷಕ್ಕೂ ಮಿಕ್ಕು ಓಡಿತು. ಪರಕೀಯರನ್ನು ದೂರ ಸರಿಯಿರೆಂದು ಗದರಿಸುವ ಗೀತೆಯಲ್ಲಿ ಖಾನ್ ಮಸ್ತಾನರೊಡನೆ ಕೇಳುವ ಹೆಣ್ಣುದನಿ ಈಕೆಯದೇ. ಜರ್ಮನಿ ಜಪಾನುಗಳ ಹೆಸರನ್ನು ಮುಂದಿಟ್ಟು ಸರಕಾರದ ಕತ್ತರಿಯಿಂದ ಪಾರಾದ ಆ ಗೀತೆಯ ನಿಜವಾದ ಗುರಿ ಯಾರೆಂಬುದು ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷದ ಪ್ರೇಕ್ಷಕರಿಗೆ ಹೇಳಿಕೊಡಬೇಕಾಗಿರಲಿಲ್ಲ. ಸ್ವಾತಂತ್ರ್ಯ ಚಳವಳಿಯ ಪಾಠ ಹೇಳುವಾಗ ಪ್ರದೀಪರನ್ನು ನೆನೆಯುವ ನಾವು ಬೀಳಗಿಯ ಈ ಮಹಿಳೆಯನ್ನು ನೆನೆಯುವುದು ಅಪರೂಪ. ಮರುವರ್ಷ ನೌಷಾದರ ‘ರತನ್’ನಲ್ಲಿ ಒಂದು ವಿರಹಗೀತೆ, 1947ರಲ್ಲಿ ಸಿ. ರಾಮಚಂದ್ರರ ‘ಶಹನಾಯಿ’ಯಲ್ಲಿ ಒಂದು ಹಾಡು: ಇವೂ ಸಂಕಲನದಲ್ಲಿ ಇವೆ.

ಸಂಕಲನದ ಕೊನೆಯ ಹಾಡನ್ನು ಹಿರಿಯರು ನಮ್ಮ ಕೋರಿಕೆಯ ಮೇರೆಗೆ ಎರಡು ಸಲ ಕೇಳಿಸಿದರು. 1950ರ ‘ಸಮಾಧಿ’ ಚಿತ್ರದ ಯುಗಳಗೀತೆ. ಇಬ್ಬರು ತರುಣಿಯರು ನಗುತ್ತ ಕುಣಿಯುತ್ತ ಹಾಡುವಂಥದು. ಎಡ್ಮಂಡೊ ರಾಸ್ ಎಂಬ ವಾದ್ಯಮೇಳದ ನಾಯಕ ಪಶ್ಚಿಮದಲ್ಲಿ ಪ್ರಸಿದ್ಧಪಡಿಸಿದ್ದ ದಕ್ಷಿಣ ಅಮೆರಿಕದ ಧಾಟಿಯ ಮಟ್ಟೊಂದನ್ನು ಸಿ. ರಾಮಚಂದ್ರ ಹಿಂದಿಗೆ ಒಗ್ಗಿಸಿದ್ದರು. ಒಂದು ದನಿ ಆಗ ಇಪ್ಪತ್ತರ ಹರೆಯದ ಲತಾ ಮಂಗೇಶಕರರದು. ಇನ್ನೊಂದು ಹದಿನಾರು ವರ್ಷ ಚಿತ್ರರಂಗದಲ್ಲಿ ದುಡಿದ ಅಮೀರ್‌ಬಾಯಿಯವರದು. ಲತಾ ಅವರ ದನಿ ಮೈಕಿಗೆ ಹೇಳಿಮಾಡಿಸಿದಂಥ ಸಣ್ಣ ಎಳೆ. ಅಮೀರ್‌ಬಾಯಿಯವರದು ಎದೆಯಿಂದ ಬರುವ, ಅಂಚಿನಲ್ಲಿ ತುಸು ಮರಳು ಬೆರೆತಂಥ ದನಿ. ಕೊನೆಯ ಸಾಲಿನ ನೆಲದ ಪ್ರೇಕ್ಷಕನನ್ನೂ ಮುಟ್ಟಬೇಕಾಗಿದ್ದ ಕಂಪೆನಿ ನಾಟಕಗಳ ಕಾಲದ ದನಿ. ಅಕ್ಕ ಗೋಹರ್‌ಬಾಯಿ ರಂಗಭೂಮಿಯಲ್ಲಿ ಹೆಸರು ಮಾಡಿ ಬಾಲಗಂಧರ್ವರ ಮಂಡಳಿಯನ್ನು ಸೇರಿದವರೆಂಬುದನ್ನು ಇಲ್ಲಿ ನೆನೆಯಬೇಕು. ಮೂರು ನಿಮಿಷದ ಒಂದೇ ತಟ್ಟೆಯಲ್ಲಿ ಎರಡು ಯುಗಗಳು ಕೈಹಿಡಿದು ಕುಣಿಯುತ್ತವೆ. ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಮೂರೂ 1949ರ ಚಿತ್ರಗಳು. ಅಲ್ಲಿಂದ ಮುಂದೆ ಯಾವ ದನಿ ಉಳಿಯಿತು ಎಂಬುದನ್ನು ವಾಚಕರು ಬಲ್ಲರು. ಹಾಗೆಂದು ಹಿರಿಯ ದನಿ ಸೋತು ಹಿಂದೆ ಸರಿದದ್ದು ಈ ಹಾಡಿನಲ್ಲಿ ಎಲ್ಲಿಯೂ ಕೇಳದು. ಲಯದ ಬಿಗಿಯನ್ನು ಹಿಡಿದು ನಡೆಸುವುದು ಅದೇ ಎಂದು ನನಗೆ ತೋರುತ್ತದೆ.

ಇನ್ನು ಬಿಟ್ಟುಹೋದುದನ್ನು ನೋಡಬೇಕು. ನಮ್ಮ ಚಿತ್ರಗಳಲ್ಲಿ ಹಿನ್ನೆಲೆ ಗಾಯನ ಬಳಕೆಗೆ ಬಂದುದು 1935ರಿಂದ ಈಚೆಗೆ. ಅದಕ್ಕೆ ಮುಂಚೆ ಹಾಡುವವಳು ನಟಿಸಲೂ ಬೇಕಾಗಿತ್ತು. ಅಮೀರ್‌ಬಾಯಿ ಚಿತ್ರರಂಗ ಪ್ರವೇಶಿಸಿದುದು ನಟಿಯಾಗಿಯೇ. 1950ರ ತರುವಾಯ ಹಾಡುವ ಅವಕಾಶಗಳು ವಿರಳವಾದಾಗ ಪೋಷಕಪಾತ್ರಗಳಿಗೆ ತಿರುಗಿದರು. ಆಯ್ದವರು ನಡುವಣ ಭಾಗವನ್ನು ಮಾತ್ರ ಇರಿಸಿಕೊಂಡು ತಲೆ ಬಾಲಗಳನ್ನು ಕತ್ತರಿಸಿದ್ದಾರೆ. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶಕರಾಗಿದ್ದವರು ಸ್ವತಃ ಅಮೀರ್‌ಬಾಯಿ. ಸ್ತ್ರೀಯೊಬ್ಬಳು ವಾದ್ಯಮೇಳಕ್ಕೆ ಅಪ್ಪಣೆ ಕೊಡುವುದು ಅತ್ಯಂತ ಅಪರೂಪವಾಗಿದ್ದ ಕಾಲವದು. ಆ ಚಿತ್ರದ ಒಂದು ಹಾಡೂ ಇಪ್ಪತ್ತರಲ್ಲಿ ಇಲ್ಲ. 1946ರ ಗುಜರಾತಿ ಚಿತ್ರ ‘ರಾಣಕದೇವಿ’ಗಾಗಿ ಹಾಡಿದ, ಗುಜರಾತಿನ ಮನೆಮನೆಯ ಮಾತಾದ ಹಾಡೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಆಕೆ ಕನ್ನಡದಲ್ಲಿ ಹಾಡಿದ ಒಂದು ತಟ್ಟೆಯೂ ಇಲ್ಲ! ಹೆಸರಿನಲ್ಲಿ ‘ಕರ್ನಾಟಕಿ’ ಉಳಿಯಿತು, ಕರ್ನಾಟಕ ಹೋಯಿತು.

ಊರಿನ ಹೆಸರನ್ನು ಧರಿಸುವುದು ಆ ಕಾಲದ ಗಾಯಕಿಯರ ವಾಡಿಕೆ: ಅಲಹಾಬಾದಿನ ಜಾನಕಿಬಾಯಿ, ಅಂಬಾಲೆಯ ಜೋಹ್ರಾಬಾಯಿ. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲು ತಟ್ಟೆ ಕೊಟ್ಟ, ಮುಂದೆ 1930ರಲ್ಲಿ ಮೈಸೂರಿನಲ್ಲಿ ನಿಧನರಾದ ಗೋಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಮುದ್ರಿಕೆಯು ಜರ್ಮನಿಯ ಹಾನೋವರಿಗೆ ಹೋಗಿ ತಟ್ಟೆಯಾಗುತ್ತಿತ್ತು. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ಚಿತ್ರಗೀತೆಗಳ ಕಾಲಕ್ಕೆ ಆ ಘೋಷಣೆ ನಿಂತಿತು. ‘ಮಹಲ್’ನ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೆ ಅಚ್ಚಾದ ಹೆಸರು ಲತಾ ಅವರದಲ್ಲ, ಚಿತ್ರದ ಪಾತ್ರವಾದ ‘ಕಾಮಿನಿ’ಯದು. ನಮ್ಮವರೇ ಆದ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದುವು. ಅವುಗಳಲ್ಲಿ ಕೇಳುವ ಎಳೆಯ ದನಿಗೂ ನಾವೆಲ್ಲ ಬಲ್ಲ ಘನವಾದ ದನಿಗೂ ಹೋಲಿಕೆಯೇ ಇಲ್ಲ. ಒಂದೇ ಅವಧಿಯನ್ನು ಆಯ್ದು ಇಡೀ ಜೀವನವೆಂದು ಕರೆದರೆ ಎಂಥ ತಪ್ಪು ಗ್ರಹಿಕೆಯಾಗುವುದೆಂದು ಇದರಿಂದ ಊಹಿಸಬಹುದು.

ಬಾಯಿಮಾತುಗಳನ್ನೂ ತೂಗಿ ನೋಡಬೇಕು. ಅಮೀರ್‌ಬಾಯಿ ಹಾಡಿದ ನರಸಿ ಮೆಹತಾನ ವೈಷ್ಣವ ಭಜನೆ ಗಾಂಧೀಜಿಯವರಿಗೆ ಅಚ್ಚುಮೆಚ್ಚು ಎಂದು ಹಲವರು ಬರೆದಿದ್ದಾರೆ. ಆ ಭಜನೆ ‘ನರಸಿ ಭಗತ್’ ಚಿತ್ರ (1940) ಬರುವುದಕ್ಕೆ ಬಹಳ ಮುಂಚೆಯೇ ಆಶ್ರಮದ ಪ್ರಾರ್ಥನೆಯಲ್ಲಿ ನೆಲೆಸಿತ್ತೆಂಬುದು ನಿರ್ವಿವಾದ. ಭಜನೆಯ ಮೇಲಿನ ಪ್ರೀತಿಯೂ ತಟ್ಟೆಯ ಕೀರ್ತಿಯೂ ಜನರ ನೆನಪಿನಲ್ಲಿ ಒಂದಾಗಿ ಬೆರೆತಿವೆ. ಆಕೆಯ ಮೊದಲ ವಿವಾಹದ ಸಂಕಟಗಳ ಬಗೆಗೂ ಹಾಡುಗಳ ಬಗೆಗಿಂತ ಹೆಚ್ಚು ಶಾಯಿ ವೆಚ್ಚವಾಗಿದೆ. ಅದನ್ನು ಇಲ್ಲಿ ಎತ್ತುವುದಿಲ್ಲ. ರಹಮತ್ ತರೀಕೆರೆಯವರು ಕನ್ನಡದಲ್ಲಿ ಆಕೆಯ ಜೀವನವನ್ನು ಗ್ರಂಥರೂಪಕ್ಕೆ ತಂದಿರುವುದು ಉಪಕಾರದ ಕೆಲಸ. ಗ್ರಂಥಕ್ಕೆ ಜೊತೆಯಾಗಿ ಧ್ವನಿಯೂ ಕ್ರಮವಾಗಿ ದೊರೆಯಬೇಕು.

ಆ ಕ್ರಮಕ್ಕೆ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ರೈಸ್ ಅವರು ಸೊರಬದಲ್ಲಿ ಅಂದವಾದ ಶಾಸನಗಳನ್ನಷ್ಟೇ ಆಯಲಿಲ್ಲ. ತುರುಗಳನ್ನು ಬಿಡಿಸಲು ಹೋಗಿ ಮಡಿದ ಅನಾಮಿಕನ ಕಲ್ಲಿಗೂ ಅರಸನ ದಾನಶಾಸನಕ್ಕೂ ತಾಲ್ಲೂಕಿನ ಒಂದೇ ಸಾಲಿನಲ್ಲಿ ಸಂಖ್ಯೆ ಕೊಟ್ಟರು. ಅಕ್ಷರ ಸವೆದಲ್ಲಿ ಚುಕ್ಕಿಗಳನ್ನಿಟ್ಟರು. ಗ್ರಾಮಫೋನ್ ತಟ್ಟೆಯೂ ಒಂದು ಬಗೆಯ ಶಾಸನವೇ. ಅದರ ಒಳ ಅಂಚಿನಲ್ಲಿ, ಚೀಟಿಯ ಪಕ್ಕದಲ್ಲಿ, ಅಚ್ಚಿನ ಸಂಖ್ಯೆಯೊಂದು ಕೊರೆದಿರುತ್ತದೆ. ಕಂಪೆನಿಯ ಕ್ರಮಸಂಖ್ಯೆಗಳೊಡನೆ ಅದನ್ನು ತಾಳೆ ನೋಡಿದರೆ ಮುದ್ರಣದ ಕಾಲವನ್ನು ಸುಮಾರಾಗಿ ನಿರ್ಣಯಿಸಬಹುದು. ಹಾಡುಗಳನ್ನು ಜನಪ್ರಿಯತೆಯ ಮೇರೆಗೆ ಜೋಡಿಸದೆ ಈ ಸಂಖ್ಯೆಯ ಮೇರೆಗೆ ಜೋಡಿಸಿ, ಭಾಷೆ, ಚಿತ್ರ, ಸಂಗೀತ ನಿರ್ದೇಶಕ, ಜೊತೆಗಾಯಕರ ವಿವರಗಳನ್ನು ಕೊಟ್ಟು, ಬಿರುಕು ಬಿಟ್ಟ ತಟ್ಟೆಯನ್ನೂ ಬಿರುಕಿನ ಸದ್ದಿನೊಡನೆಯೇ ಸೇರಿಸಿದರೆ ಆಗ ಅದು ಸಂಕಲನವೆನಿಸೀತು.

ಅಂಥದೊಂದು ಪಟ್ಟಿಯನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳು ಆರಂಭಿಸಿದ್ದಾರೆ. ಕ್ಯಾಸನೂರಿನಲ್ಲಿ ಕೇಳಿದ ಇಪ್ಪತ್ತು ಹಾಡುಗಳಿಗೆ ಅದರಲ್ಲಿ ಸ್ಥಳ ಸಿಕ್ಕಿದೆ. ಕನ್ನಡದ ಪುಟ ತೆರೆದೇ ಇದೆ. ವಿಜಯಪುರ, ಬಾಗಲಕೋಟೆ, ಧಾರವಾಡಗಳ ಕಡೆಯ ಹಳೆಯ ಮನೆಗಳಲ್ಲಿ ಆಕೆಯ ಕನ್ನಡ ತಟ್ಟೆಗಳಿದ್ದರೆ, ತಟ್ಟೆಯನ್ನು ಕಳುಹಿಸುವ ಶ್ರಮ ಬೇಡ; ಚೀಟಿಯ ಮೇಲಿನ ಬರೆಹವನ್ನೂ ಒಳ ಅಂಚಿನ ಸಂಖ್ಯೆಯನ್ನೂ ನಕಲು ಮಾಡಿ ವಿಭಾಗದ ವಿಳಾಸಕ್ಕೆ ಬರೆಯಬೇಕೆಂದು ವಾಚಕರನ್ನು ಪ್ರಾರ್ಥಿಸುತ್ತೇನೆ.