ಪಟ್ಟಿಯೂ ಪದದ ತುಂಡೂ: ಕಂಬಂ ಕಣಿವೆಯ ಕನ್ನಡವನ್ನು ಕುರಿತು

ಬೋಡಿನಾಯಕನೂರಿನ ಸುತ್ತಿನ ಕನ್ನಡ ಮನೆಮಾತು ಹೊಸ ಸಂಗತಿಯೇನಲ್ಲ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥವು ಮಧುರೆ, ತಿರುನೆಲ್ವೇಲಿ ಸೀಮೆಗಳ ಕಾಪ್ಪಿಲಿಯರನ್ನು ಕನ್ನಡ ಮಾತಾಡುವ ಬೇಸಾಯಗಾರರೆಂದೇ ಗುರುತಿಸಿದೆ. ಆದರೆ ನಾವು ಆಡುವುದು ಕನ್ನಡ, ಮಕ್ಕಳು ಬರೆಯುವುದು ತಮಿಳು ಲಿಪಿ. ಹಾಗೆ ಬರೆದ ಪದಗಳನ್ನು ಕಂಪ್ಯೂಟರಿಗೆ ಏರಿಸಿ ನಿಘಂಟಿನ ಪಟ್ಟಿಗೆ ಹೊಂದಿಸುವಾಗ ಏನು ಉಳಿಯುತ್ತೆ, ಏನು ಹೋಗುತ್ತೆ ಎಂಬುದೇ ಇಲ್ಲಿನ ವಿಚಾರ.

ಈ ಕೆಲಸದ ರೀತಿ ಬಹಳ ಹಳೆಯದು. ಪಾಣಿನಿಯ 4.1.4ನೆಯ ಸೂತ್ರವನ್ನು ನೋಡಿ. ಸ್ತ್ರೀಲಿಂಗದ ಟಾಪ್ ಪ್ರತ್ಯಯ ಎರಡು ಬಗೆಯ ಶಬ್ದಗಳಿಗೆ ಬರುತ್ತದೆ: ಗಣಪಾಠದಲ್ಲಿ ಹೆಸರು ಹಿಡಿದು ಓದಿದ ‘ಅಜ’ ಮೊದಲಾದವುಗಳಿಗೆ, ಹ್ರಸ್ವ ಅಕಾರದಿಂದ ಮುಗಿಯುವ ಶಬ್ದಗಳಿಗೆ. ಮೊದಲನೆಯದು ಪಟ್ಟಿ, ಎರಡನೆಯದು ತದಂತವಿಧಿ, ಅಂದರೆ ಕೊನೆಯ ತುಂಡನ್ನು ನೋಡಿ ಗುರುತಿಸುವುದು. ‘ಅಜ’ವೂ ಅಕಾರಾಂತವೇ ಅಲ್ವೆ, ಮತ್ತೆ ಪಟ್ಟಿ ಯಾಕೆ? ಜಾತಿವಾಚಕಗಳಿಗೆ ಬರುವ ಈಕಾರ ತಗುಲಿ ‘ಅಜೀ’ ಆಗಬಾರದು ಅಂತ. ತುಂಡಿನ ನಿಯಮ ಕಾಯಲಾರದ್ದನ್ನು ಪಟ್ಟಿ ಕಾಯುತ್ತದೆ.

1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಮಂಡಿಸಿದ, ಈಗ ಎಸ್‌ಕ್ಯೂಎಲ್ ಎನ್ನುವ ಪ್ರಶ್ನಾಭಾಷೆಯಲ್ಲೂ ಇವೆರಡೇ ಉಂಟು. ‘ಇನ್’ ಎಂದರೆ ಪಟ್ಟಿಯಲ್ಲಿ ಇಡೀ ಪದ ಇರಬೇಕು. ‘ಲೈಕ್’ ಎಂದರೆ ತುಂಡು ಸಾಕು. ಶೇಕಡಾ ಗುರುತು ಇಟ್ಟ ಕಡೆ ಎಷ್ಟು ಅಕ್ಷರವಾದರೂ ಬರಬಹುದು. ಆ ಗುರುತನ್ನು ‘ಇನ್’ ಪಟ್ಟಿಯೊಳಗೆ ಇಟ್ಟರೆ ಅದು ಬರೀ ಒಂದು ಅಕ್ಷರ. ಹಲವು ತುಂಡುಗಳನ್ನು ಒಟ್ಟಿಗೆ ಹುಡುಕಬೇಕಾದರೆ ಅವುಗಳದ್ದೇ ಬೇರೆ ಕೋಷ್ಟಕ ಮಾಡಿ, ‘ಲೈಕ್’ ಮೂಲಕ ಪದಗಳ ಕೋಷ್ಟಕಕ್ಕೆ ಜೋಡಿಸಬಹುದು.

ನಮ್ಮ ತೊಡಕು ಶುರುವಾಗುವುದು ಇಲ್ಲೇ. ತಮಿಳು ಲಿಪಿಯಲ್ಲಿ ಪಕಾರ ಬಕಾರಗಳಿಗೆ ಒಂದೇ ಅಕ್ಷರ. ದನದ ‘ಬಾಲ’ ಬರಹದಲ್ಲಿ ‘ಪಾಲ’. ಇಡೀ ಪದವನ್ನೇ ಕೇಳಿದರೆ ನಿಘಂಟಿನ ‘ಬಾಲ’ಕ್ಕೆ ಅದು ಸೇರದು; ತಮಿಳಿನ ಪದವೆಂದು ಬದಿಗೆ ಬೀಳುತ್ತದೆ. ತುಂಡು ಕೇಳಿದರೋ, ತಮಿಳಿನಲ್ಲಿ ಹಾಲೆಂಬ ‘ಪಾಲ್’, ಸೇತುವೆಯೆಂಬ ‘ಪಾಲಂ’, ಕೊನೆಗೆ ಗೋಪಾಲನೂ ಬಂದು ನಿಲ್ಲುತ್ತಾನೆ. ಗೋಪಾಲನಿಗೂ ಹಾಲಿಗೂ ನಂಟುಂಟು, ಆದ್ರೆ ಆ ನಂಟು ವ್ಯಾಕರಣದ್ದಲ್ಲ.

ಇದು ಬರೀ ಪದಗಳ ಮಾತಲ್ಲ. 2011ರ ಜನಗಣತಿಯಲ್ಲಿ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569. ಪರಿಶೀಲನೆಯ ಬಳಿಕ ನಿಂತವು 1,369. ಬಡಗ ಕನ್ನಡದ ಅಡಿಯಲ್ಲಿ ಸೇರಿತು; 1,474 ಹೆಸರುಗಳು ವರ್ಗವಿಲ್ಲದೆ ‘ಇತರೆ’ಗೆ ಹೋದವು. ಹೊಂದಿಕೆ ತಪ್ಪಿದ ಮಾತು ಎಣಿಕೆಯಲ್ಲೂ ಇರುವುದಿಲ್ಲ.

ಆದ್ದರಿಂದ ಪದ ಸಂಗ್ರಹಿಸುವವರು ತಮಿಳು ಲಿಪಿಯ ರೂಪದ ಪಕ್ಕದಲ್ಲೇ ಕನ್ನಡ ಲಿಪಿಯಲ್ಲಿ ಉಚ್ಚಾರವನ್ನೂ ಬರೆದಿಡಬೇಕು. ತುಂಡಿನಿಂದ ಬಲೆ ಬೀಸಿ, ಬಂದದ್ದನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿ, ಅಜಾದಿಯಂತೆ ಹೆಸರು ಹಿಡಿದು ಪಟ್ಟಿ ಮಾಡಬೇಕು. ‘ಬ’ ಎಂದು ನುಡಿಯುವವರು ಇರುವಾಗಲೇ.